ತಲುಪದ ಪತ್ರಗಳು ಯಾರಿಗೆ?

ಬೆಳಿಗ್ಗೆ ಹತ್ತರ ಸುಮಾರಿಗೆ ಮೊದಲ ಪತ್ರ ವಾಪಸ್ ಬಂತು. ಅತ್ತಿಗೆಗೆ ಖುಷಿಯೇ ಆಯಿತು, ಅಂತೂ ಮೇಲ್ ಸರ್ವರ್ ಜೀವಂತ ಇದೆ ಎಂದು. ಬೀಜ, ಸಸಿ ಹಂಚಿಕೊಳ್ಳುವ ಮುನ್ನೂರು ಮಂದಿಗಾಗಿ ಆಕೆ ಮನೆಯ ಒಂದು ಮೂಲೆಯಿಂದಲೇ ಕಂಪ್ಯೂಟರಿನಲ್ಲಿ ಬುಲೆಟಿನ್ ಬೋರ್ಡ್ ನಡೆಸುತ್ತಿದ್ದಳು. ಇಷ್ಟು ದಿನ ಸದಸ್ಯರು ತಮ್ಮತಮ್ಮಲ್ಲೇ ಬರೆದುಕೊಳ್ಳುತ್ತಿದ್ದರು. ಹೊರಗಿನವರಿಗೂ ಪತ್ರ ಕಳಿಸುವಂತಾಗಲಿ ಎಂದು ಮೂರು ದಿನದಿಂದ ಮೇಲ್ ಸರ್ವರ್ ಹೊಂದಿಸಲು ಕೂತಿದ್ದಳು. ತಲುಪದ ಪತ್ರಗಳು ಯಾರಿಗೆ ಹಿಂತಿರುಗಬೇಕು ಎಂದು ಕೇಳುವ ಸಾಲಿನ ಮುಂದೆ, ಪರೀಕ್ಷೆ ಮುಗಿಯುವವರೆಗೆ ಇರಲಿ ಎಂದು ತನ್ನದೇ ವಿಳಾಸ ಹಾಕಿದ್ದಳು.

ತಪ್ಪೆಲ್ಲಿದೆ ನೋಡೋಣ ಎಂದು ತೆರೆದಳು. ತಪ್ಪು ಸರ್ವರಿನದಲ್ಲ, ಬರೆದವರು ವಿಳಾಸದಲ್ಲಿ ಒಂದಕ್ಷರ ಬಿಟ್ಟಿದ್ದರು. ಅದರ ಕೆಳಗೆ ಇಡೀ ಪತ್ರವೇ ಇತ್ತು. ಮುಚ್ಚಬೇಕು ಅನ್ನುವಷ್ಟರಲ್ಲಿ ಕಣ್ಣು ಓದಿ ಮುಗಿಸಿತ್ತು.

ಬರೆದವಳು ನಾದಿನಿ. ಮೂವತ್ತೆಂಟಾದರೂ ಮನೆಯವರ ಬಾಯಲ್ಲಿ ಇನ್ನೂ ಪುಟ್ಟಿ. 'ನಿಮ್ಮ ಬೀಜಭಂಡಾರದ ಕೆಲಸ ಒಪ್ಪಿಕೊಂಡಿದ್ದೇನೆ. ಇವತ್ತು ಸಂಜೆ ಐದರೊಳಗೆ ಉತ್ತರ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದಿರಿ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ದಯವಿಟ್ಟು ಮನೆಗೆ ಫೋನ್ ಮಾಡಬೇಡಿ. ಮನೆಯಲ್ಲಿ ಇನ್ನೂ ಹೇಳಿಲ್ಲ. ಈ ಬೋರ್ಡಿನ ವಿಳಾಸಕ್ಕೇ ಬರೆಯಿರಿ, ನನ್ನ ಇನ್ನೊಂದು ವಿಳಾಸವನ್ನು ಮನೆಯಲ್ಲಿ ಎಲ್ಲರೂ ತೆರೆಯುತ್ತಾರೆ.' ಬೀಜಭಂಡಾರವಿದ್ದ ಊರು ರೈಲಿನಲ್ಲಿ ಒಂದೂವರೆ ದಿನದ ದಾರಿ.

ಒಳಕೋಣೆಯಲ್ಲಿ ಅತ್ತೆ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬೆನ್ನು ಒರೆಸುವುದು, ಚಮಚದಲ್ಲಿ ಉಣಿಸುವುದು ಎಲ್ಲ ಪುಟ್ಟಿಯ ಪಾಲು. ಯಾರೂ ಕೂತು ಹಂಚಿದ್ದಲ್ಲ. ಅವಳಿಗೆ ಮದುವೆಯಾಗಿಲ್ಲವಲ್ಲ, ತಾನಾಗಿ ಅವಳ ಕಡೆ ಜಾರಿತ್ತು. ಅವಳು ಹೋದರೆ ಯಾರ ತಲೆಗೆ ಬರುತ್ತದೆ ಎಂದು ಅತ್ತಿಗೆಗೆ ಬಿಡಿಸಿ ಹೇಳಬೇಕಿರಲಿಲ್ಲ. ಗಂಡನಂತೂ ಬೆಳಿಗ್ಗೆ ಎಂಟಕ್ಕೆ ಹೊರಟರೆ ರಾತ್ರಿ ಎಂಟಕ್ಕೇ ಮುಖ ತೋರಿಸುವ ಆಸಾಮಿ. ಇವಳೋ, ಇಡೀ ದಿನ ಮನೆಯಲ್ಲೇ ಕೂತಿರುವವಳು.

ಅತ್ತಿಗೆ ಎದ್ದು ಕಿಟಕಿ ತೆರೆದಳು, ಸದ್ದು ಜಾಸ್ತಿಯಾಯಿತೆಂದು ಮುಚ್ಚಿದಳು. ಚಹಾ ಮಾಡಿಕೊಂಡು ಬಂದು ಕುಡಿಯುವುದನ್ನೇ ಮರೆತಳು. ಪತ್ರವನ್ನು ಅಳಿಸಬೇಕಾಗಿಯೂ ಇರಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕು, ಐದು ಗಂಟೆ ತಾನಾಗೇ ಆಗುತ್ತದೆ. ಹಾಗೆ ಯೋಚಿಸಿದವಳು ತಾನೇ ಎಂದು ತಿಳಿದು ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ಒಂದು ಗಂಟೆಗೆ ಒಳಗಿಂದ ಪುಟ್ಟಿ ಕರೆದಳು. "ಅತ್ತಿಗೆ, ಒಂಚೂರು ಈ ಕಡೆ ಹಿಡ್ಕೊಳ್ತೀರಾ?"

ಅತ್ತಿಗೆ ಭುಜ ಹಿಡಿದೆಳೆದಳು. ಅತ್ತೆ ನರಳಿದರು.

"ಹಾಗಲ್ಲ. ಮೊದಲು ಮಂಡಿ ಮಡಚಬೇಕು, ಆಮೇಲೆ ಸೊಂಟ. ಭುಜ ತಾನಾಗೇ ಬರುತ್ತೆ. ನೋಡಿಕೊಂಡ್ರಲ್ಲ?" ಪುಟ್ಟಿ ಇನ್ನೊಮ್ಮೆ ನಿಧಾನವಾಗಿ ಮಾಡಿ ತೋರಿಸಿದಳು. ಕಲಿಸುತ್ತಿದ್ದಾಳೆ ಎಂದು ಅತ್ತಿಗೆಗೆ ಆಗ ಹೊಳೆಯಿತು. ಹೋದ ವಾರವೂ ಹೀಗೇ ಯಾವುದಕ್ಕೋ ಕರೆದಿದ್ದಳು, ಅದರ ಹಿಂದಿನ ವಾರವೂ.

"ನಿಮ್ಮ ಮೇಲ್ ಸರಿಹೋಯ್ತಾ?" ದಿಂಬು ಕೊಡವುತ್ತ ಪುಟ್ಟಿ ಕೇಳಿದಳು. "ಹೊರಗಡೆಗೆ ಹೋಗ್ತಿದೆಯಾ?"

"ಹೋಗ್ತಿದೆ."

"ಎಲ್ಲಾ?"

"ಎಲ್ಲಾ."

ಪುಟ್ಟಿ ತನ್ನಷ್ಟಕ್ಕೆ ನಕ್ಕಳು. ಆ ಕೋಣೆಯಲ್ಲಿ ಅವಳು ನಕ್ಕಿದ್ದನ್ನು ಅತ್ತಿಗೆ ನೋಡಿ ಯಾವ ಕಾಲವಾಗಿತ್ತೋ.

ಎರಡಾಯಿತು, ಮೂರಾಯಿತು. ವಿಳಾಸವನ್ನು ತಾನೇ ತಿದ್ದಿ ಕಳಿಸಿಬಿಡಲೇ ಎಂದು ಬೆರಳಿಟ್ಟಳು, ಬೇರೆಯವರ ಪತ್ರಕ್ಕೆ ಕೈ ಹಾಕಿದಂತಾಗುತ್ತದೆಂದು ತೆಗೆದಳು. ಓದಿದ್ದೇನೂ ಸಣ್ಣ ತಪ್ಪಾಗಿರಲಿಲ್ಲ. ಮೂರೂ ಮುಕ್ಕಾಲಾಗುತ್ತಿದ್ದಂತೆ ಇನ್ನು ತಡೆಯಲಾರದೆ ಆ ಸಾಲಿನಿಂದ ತನ್ನ ವಿಳಾಸ ಅಳಿಸಿ, 'ಬರೆದವರಿಗೇ' ಎಂದು ಬದಲಿಸಿದಳು. ಪುಟ್ಟಿಯ ಪತ್ರವನ್ನು ಇದ್ದ ಹಾಗೆಯೇ ಇನ್ನೊಮ್ಮೆ ಕಳಿಸಿದಳು. ಅದು ಹೋಗಿ, ಅಂಥ ವಿಳಾಸವೇ ಇಲ್ಲವೆಂದು ತಿಳಿದು, ಈ ಸಲ ಬರೆದವಳ ಬಳಿಗೇ ಮರಳಿತು. ಒಳಕೋಣೆಯಲ್ಲಿ ಫೋನು ಗುಂಯ್ ಎಂದಿತು.

ನಾಲ್ಕೂವರೆಗೆ ಪುಟ್ಟಿ ಹೊರಗೆ ಬಂದು ಬಾಗಿಲಿಗೆ ಒರಗಿದಳು. "ಅತ್ತಿಗೆ, ನನ್ನದೊಂದು ಪತ್ರ ವಾಪಸ್ ಬಂದಿತ್ತು. ಒಂದಕ್ಷರ ಬಿಟ್ಟಿದ್ದೆ. ಸರಿಮಾಡಿ ಕಳಿಸಿದೆ, ಅವರ ಉತ್ತರಾನೂ ಬಂತು."

"ಒಳ್ಳೇದಾಯ್ತು." ಅತ್ತಿಗೆ ತೆರೆಯಿಂದ ಕಣ್ಣೆತ್ತಲಿಲ್ಲ. "ತಪ್ಪಿದ್ರೆ ಮೆಷಿನ್ನೇ ವಾಪಸ್ ಕಳಿಸುತ್ತೆ. ತಕ್ಷಣ."

"ನಾನು ಬರೆದದ್ದು ಹತ್ತು ಗಂಟೆಗೆ."

ಅತ್ತಿಗೆಯ ಕಿವಿಗಳು ಬಿಸಿಯಾದವು. "ಪುಟ್ಟಿ, ನಾನು ಬೇಕು ಅಂತ..."

"ಇರಲಿ ಬಿಡಿ." ಪುಟ್ಟಿ ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತಳು. "ಅಮ್ಮನ ಬಿಟ್ಟು ಹೋಗ್ಲಾ ಬೇಡ್ವಾ ಅಂತ ನಾನು ಎಂಟು ತಿಂಗಳು ಕೂತಿದ್ದೆ ಅತ್ತಿಗೆ. ನಿಮಗೆ ಆರು ಗಂಟೇನೂ ಹಿಡೀಲಿಲ್ಲ."