ದುಭಾಷಿ

"ಇಲ್ಲಿ ಕನ್ನಡ ಬರುವವರು ಯಾರಿದ್ದೀರಿ?"

ಎದುರಿನ ಆಸ್ಪತ್ರೆಯ ನರ್ಸ್ ಪಾರ್ವತಿಬಾಯಿ ಬ್ಯಾಂಕಿನ ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ಕೇಳಿದಾಗ ಎಲ್ಲರೂ ಶಿವಕಾಂತನ ಕಡೆ ಕೈ ತೋರಿಸಿದರು. ಸಂಭಾಜಿನಗರದ ಆ ಶಾಖೆಗೆ ಕಲಬುರಗಿಯಿಂದ ವರ್ಗವಾಗಿ ಬಂದವನು ಅವನೊಬ್ಬನೇ.

ಹನ್ನೆರಡು ದಿನಗಳ ಹಿಂದೆ ಹತ್ತಿರದ ವೇರೂಳ್ ಊರಿನ ಶಿವನ ಗುಡಿಯ ಹೊರಗೆ ಯಾರೋ ಒಬ್ಬ ಮುದುಕಿಯನ್ನು ಬಿಟ್ಟುಹೋಗಿದ್ದರು. ಹೊಟ್ಟೆಯಲ್ಲಿ ಗಡ್ಡೆ, ಕೊನೆಯ ಹಂತ. ಆಸ್ಪತ್ರೆ ಸೇರಿದ ಅವಳ ಕನ್ನಡ ವಾರ್ಡಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ನೋವು ಬಂದಾಗ "ಶಿವಾ, ಶಿವಾ" ಅನ್ನುವುದೊಂದೇ ಅರ್ಥವಾಗುತ್ತಿತ್ತು.

"ನನಗೆ ಆಸ್ಪತ್ರೆ ಅಂದರೆ ತಲೆ ಸುತ್ತುತ್ತದೆ" ಎಂದ ಶಿವಕಾಂತ. ಮ್ಯಾನೇಜರ್ ನಕ್ಕರು. "ಹತ್ತು ನಿಮಿಷದ ಪುಣ್ಯದ ಕೆಲಸ, ಹೋಗಿ ಬನ್ನಿ."

ಮೆಟ್ಟಿಲು ಹತ್ತುತ್ತ ಪಾರ್ವತಿಬಾಯಿ, ಮುದುಕಿಯ ಬೆನ್ನಿನ ಹುಣ್ಣುಗಳು ತಿಂಗಳುಗಟ್ಟಲೆ ಹಳೆಯವು ಎಂದಳು.

ಮಂಚದ ಪಕ್ಕದಲ್ಲಿ ಹವಾಲ್ದಾರನೊಬ್ಬ ಕಾಗದ ಹಿಡಿದು ಕೂತಿದ್ದ. ಮುದುಕರನ್ನು ಹೀಗೆ ಬೀದಿಪಾಲು ಮಾಡಿದವರಿಗೆ ಜೈಲಿದೆ, ಒಂದು ಹೆಸರು ಸಿಕ್ಕರೆ ಸಾಕು ಎಂದ. ಶಿವಕಾಂತ ಕರವಸ್ತ್ರದಿಂದ ಮೂಗು, ಬಾಯಿ ಮುಚ್ಚಿಕೊಂಡ. "ಮೊದಮೊದಲು ವಾಸನೆಗೆ ಹಾಗಾಗುತ್ತದೆ" ಎಂದು ಪಾರ್ವತಿಬಾಯಿ ಅವನನ್ನು ಹತ್ತಿರ ಕೂರಿಸಿದಳು.

ಮುದುಕಿ ಕಣ್ಣು ತೆರೆದಳು. ಬಹಳ ಹೊತ್ತು ಅವನನ್ನೇ ನೋಡಿದಳು.

"ನಿಮ್ಮ ಹೆಸರೇನ್ರಿ?" ಕರವಸ್ತ್ರ ತೆಗೆಯದೆ ಅವನು ಕೇಳಿದ.

"ಮಲ್ಲಮ್ಮ ಅಂತಾರ್ರಿ."

"ಗುಡಿ ಹತ್ರ ನಿಮ್ಮನ್ನ ಯಾರು ಬಿಟ್ಟು ಹೋದ್ರು ಅಂತ ಕೇಳ್ಲಕತ್ತಾರ್ರಿ."

"ಯಾರೂ ಬಿಟ್ಟಿಲ್ರಿ. ನಾನೇ ದರ್ಶನಕ್ಕ ಬಂದಿದ್ದೆ. ದಾರಿ ತಪ್ತು."

ಅವನು ಅದನ್ನು ಮರಾಠಿಯಲ್ಲಿ ಹೇಳಿದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಮಕ್ಕಳಿದ್ದಾರಾ ಕೇಳಿ" ಎಂದ ಹವಾಲ್ದಾರ.

ಶಿವಕಾಂತ ಮಂಚದ ಕಂಬಿಯ ಕಡೆ ನೋಡುತ್ತ ಕೇಳಿದ. "ಮಕ್ಕಳು... ಅದಾರೇನ್ರಿ?"

ಹವಾಲ್ದಾರನ ಪೆನ್ನು ಕಾಗದದ ಮೇಲೆ ಕಾದಿತ್ತು.

"ಒಬ್ಬ ಇದ್ದ. ಈಗ ಇಲ್ರಿ."

ವಾರಸುದಾರರಿಲ್ಲ ಎಂದು ಬರೆದುಕೊಂಡು ಹವಾಲ್ದಾರ ಎದ್ದ. ಅವನ ಬೂಟಿನ ಸದ್ದು ಮೆಟ್ಟಿಲಿಳಿದು ಅಡಗುವವರೆಗೂ ಶಿವಕಾಂತ ಕೂತಲ್ಲಿಂದ ಅಲುಗಲಿಲ್ಲ.

"ಪಾಪ, ನಿಮ್ಮ ಭಾಷೆಯವಳು. ಒಂದು ಗುಟುಕು ನೀರು ನೀವೇ ಕುಡಿಸಿ" ಎಂದು ಹೇಳಿ ಪಾರ್ವತಿಬಾಯಿ ಆಚೆ ಮಂಚಕ್ಕೆ ಹೋದಳು.

ಅವನು ಕುಡಿಸಿದ ನೀರಲ್ಲಿ ಅರ್ಧ ಹಾಸಿಗೆಗೆ ಚೆಲ್ಲಿತು. ಉಳಿದದ್ದನ್ನು ಕುಡಿದ ಮಲ್ಲಮ್ಮ ಅವನ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

"ಹೆದರಬ್ಯಾಡೋ. ನಿನ್ನ ಹೆಸರು ಯಾರ ಮುಂದೂ ಹೇಳಂಗಿಲ್ಲ. ಹಡದಾಕಿ ಹಂಗ ಹೇಳ್ತಾಳೇನು?"