ಹೊಗೆ ಎಳೆಯುವ ಪಂಖಾ

ಗೋಡೆಯ ಕಂಡಿಯಲ್ಲಿ ಪಂಖಾ ತಿರುಗತೊಡಗಿದ್ದೇ ತಡ, ಮೇಲೇರುತ್ತಿದ್ದ ಹೊಗೆ ಮಾಳಿಗೆಯ ಹೊಗೆಗೂಡಿನಿಂದ ಮರಳಿ ಇಳಿದು ಕಲ್ಯಾಣಮ್ಮನ ಮುಖಕ್ಕೆ ತುಂಬಿತು. ಹಂಚಿನ ಮೇಲಿನ ರೊಟ್ಟಿಯೂ ಕಾಣದೆ ಮೋಡದೊಳಗೆ ಕುಳಿತಂತಾಯಿತು. ಹೀಗೇ ಹೊಗೆ ಕುಡಿದರೆ ಕಣ್ಣು ಉಳಿಯುವುದಿಲ್ಲವೆಂದು ಹಕೀಮರು ಹೇಳಿದ್ದಕ್ಕೇ ಗಂಡ ಜಂಬಣ್ಣ, ಪಕ್ಕದ ಹತ್ತಿ ಬಿಡಿಸುವ ಜಿನ್ನಿನ ಎಂಜಿನ್ನಿಗೆ ತೊಗಲಿನ ಪಟ್ಟಾ ಹಾಕಿಸಿ, ಮಸ್ಕಿಯಲ್ಲಿ ಯಾರ ಮನೆಯಲ್ಲೂ ಇಲ್ಲದ ಈ ಪಂಖಾ ಕೂರಿಸಿದ್ದ.

"ಇನ್ನಾ ಜೋರು ಬಿಡ್ಲೇನು?" ಅವನು ಗೋಡೆಯಾಚೆಯಿಂದ ಕೂಗಿದ.

"ಬ್ಯಾಡ್ರೀ, ಹೊಗಿ ಒಳಗ ಬರಾಕತ್ತೈತಿ!"

ನಲವತ್ತು ವರ್ಷ ಇದೇ ಒಲೆ ಊದಿದ ಅತ್ತೆ ವೀರಭದ್ರಮ್ಮನ ಕಣ್ಣಿಗೆ ಈಗ ಬೆಳಕು, ಕತ್ತಲೆ ಅಷ್ಟೇ ಗೊತ್ತಾಗುತ್ತಿತ್ತು. ಪಡಸಾಲೆಯಲ್ಲಿ ಗಂಡಸರಿದ್ದರೆ ಅಡುಗೆಮನೆಯ ಬಾಗಿಲು ಹಾಕಿರಬೇಕೆಂಬುದು ಆ ಮನೆಯ ಪದ್ಧತಿ. ದಿನವೂ ಹಾಕುತ್ತಿದ್ದವಳು ಅತ್ತೆಯೇ. ಈಗ ಮುಚ್ಚಿದ ಬಾಗಿಲ ಸಂದಿಗೆ ಕೈಯೊಡ್ಡಿದಳು. ತಣ್ಣನೆಯ ಗಾಳಿ ಬೆರಳುಗಳ ನಡುವೆ ಕಾಲುವೆಯ ನೀರಿನಂತೆ ಒಳಗೆ ಹರಿಯುತ್ತಿತ್ತು.

"ಪಂಖಾಕ್ಕ ಗಾಳಿ ಸಾಲವಲ್ದು, ಕಲ್ಯಾಣೀ. ಅದಕ್ಕ ಹೊಗಿಗೂಡಿನಿಂದ ಜಗ್ಗಾಕತ್ತೈತಿ," ಎಂದು ಎರಡೂ ಕದ ತೆರೆದಳು.

ಹೊಗೆ ಒಂದು ಗಳಿಗೆ ನಿಂತಲ್ಲೇ ತೂಗಾಡಿತು. ಆಮೇಲೆ ನಿದ್ದೆಯಲ್ಲಿ ನಡೆಯುವವರ ಹಾಗೆ, ಮೆಲ್ಲಗೆ, ಪಂಖಾದ ಕಡೆ ಹೊರಟಿತು.

"ಬಾಗಲಾ ಯಾಕ ತಗದಿ?" ಪಡಸಾಲೆಯಿಂದ ಮಾವ ದೊಡ್ಡಬಸಪ್ಪ ಗದರಿದ. "ಮಂದಿ ಕುಂತಾರ, ಸೊಸಿ ಕಾಣ್ತಾಳ!"

"ಕಾಣ್ಲಿ ಬಿಡ್ರಿ," ಎಂದ ವೀರಭದ್ರಮ್ಮ ಒರಳಿನ ಗುಂಡುಕಲ್ಲನ್ನು ತಡವಿ ಹುಡುಕಿ, ಉರುಳಿಸಿಕೊಂಡು ಬಂದು, ತೆರೆದ ಕದಕ್ಕೆ ಒತ್ತಿಟ್ಟಳು.