ತಿರುವಿನಲ್ಲಿ ನಿಲ್ಲುವ ಕಾಲುಗಳು

ಮಂಡಿ ಹಿಡಿದು ಹಾಸಿಗೆ ಸೇರುವ ಮೊದಲೇ ವಯಸ್ಸಾದವರ ಕಾಲಿಗೆ ತೀರಿಕೊಂಡವರ ನಡಿಗೆ ಕೂರಿಸುವುದು ಈಗ ಕನ್ನಡಕ ಹಾಕಿಸಿದಷ್ಟೇ ಮಾಮೂಲು. ನಿಂಗಾಜಮ್ಮನಿಗೆ ಅವಳ ಗಂಡನ ನಡಿಗೆಯನ್ನೇ ಕೂರಿಸಿದ್ದರು.

ಬೆಳಿಗ್ಗೆ ಮಗಳು ಸುಗುಣಳ ಜೊತೆ ಸೊಪ್ಪು ತರಲು ಹೊರಟಳು. ಕಾಲುಗಳು ಬಿರಬಿರನೆ ಸಾಗಿ, ಹಿಟ್ಟಿನ ಗಿರಣಿಯ ತಿರುವಿನಲ್ಲಿ ಗಕ್ಕನೆ ನಿಂತುಬಿಟ್ಟವು.

"ಪ್ರತಿ ತಿರುವಲ್ಲೂ ಇದೇ ಆಯ್ತಲ್ಲವ್ವಾ! ಡಾಕ್ಟರಿಗೆ ಹೇಳಿ ಸರಿ ಮಾಡಿಸೋಣ."

"ಮುಟ್ಟಿಸಬೇಡ ಕಣೆ!" ನಿಂಗಾಜಮ್ಮ ರೇಗಿದಳು. "ನಿಮ್ಮಪ್ಪ ಯಾವಾಗ್ಲೂ ಮುಂದೆ ಹೋಗಿಬಿಡೋರು. ನಾನು ಹಿಂದೆ ಬೀಳ್ತಿದ್ದೆ. ತಿರುವು ಬಂದ್ರೆ ಮಾತ್ರ ಗೊಣಗ್ತಾ ನಿಂತು ಕಾಯೋರು."

ಕಾಲುಗಳು ಇನ್ನೂ ಕದಲಿರಲಿಲ್ಲ.

ನಿಂಗಾಜಮ್ಮ ಬಗ್ಗಿ ತನ್ನ ಮಂಡಿಯನ್ನು ಮೆಲ್ಲಗೆ ಸವರಿದಳು.

"ಬಂದೆ ಕಣ್ರೀ," ಅಂದಳು. "ನಡೀರಿ."